ದಂಡು ಮತ್ತು ದಂಡ: ಸತ್ಯೇಂದ್ರಚೋಳನ ಕಥೆಯ ವಿಮರ್ಶೆ

ಗುಬ್ಬಿಯ ಮಲ್ಲಣಾರ್ಯನು ಕ್ರಿ. ಶ. ೧೫೧೩ರಲ್ಲಿ ರಚಿಸಿದ ಭಾವಚಿಂತಾರತ್ನವೆಂಬ ಷಟ್ಪದಿಕಾವ್ಯವು ಪಂಚಾಕ್ಷರೀಮಂತ್ರದ ಮಹಿಮೆಯನ್ನು ಸಾರುವುದಕ್ಕಾಗಿ ಹುಟ್ಟಿದುದೆಂಬುದೂ, ಅದಕ್ಕೆ ಸತ್ಯೇಂದ್ರಚೋಳನ ಕಥೆಯೆಂಬ ಬೇರೊಂದು ಹೆಸರುಂಟೆಂಬುದೂ, ಹದಿನೇಳನೆಯ ಶತಮಾನದ ನಡುವಿನಲ್ಲಿ ಷಡಕ್ಷರದೇವನು ಇದೇ ಕಥೆಯನ್ನು ಎತ್ತಿಕೊಂಡು ರಾಜಶೇಖರವಿಲಾಸವೆಂಬ ಚಂಪುವನ್ನು ಕಟ್ಟಿದನೆಂಬುದೂ ಸಾಹಿತ್ಯಚರಿತ್ರೆಯನ್ನು ಬಲ್ಲವರಿಗೆಲ್ಲ ವಿದಿತವಾದ ಸಂಗತಿಗಳು. ಎರಡು ಕಾವ್ಯಗಳಲ್ಲಿ ಪಂಡಿತರ ಆದರಕ್ಕೆ ಹೆಚ್ಚಾಗಿ ಪಾತ್ರವಾದುದು ಷಡಕ್ಷರಿಯದು. ಅದರಲ್ಲಿಯೂ ಮಗನನ್ನು ಕಳೆದುಕೊಂಡ ತಿರುಕೊಳವಿನಾಚಿಯ ಪ್ರಲಾಪವು ಕರುಣರಸಕ್ಕೆ ಉತ್ತಮೋದಾಹರಣೆಯೆಂದು ತಲೆಮಾರುಗಳಿಂದ ಪಾಠವಾಗುತ್ತ ಬಂದಿದೆ. ಈ ಆದರವು ಅನುಚಿತವಾದುದಲ್ಲ. ಆದರೆ ಪ್ರಲಾಪವನ್ನು ಮಾತ್ರ ಬೇರ್ಪಡಿಸಿ ಆಸ್ವಾದಿಸುವ ರೂಢಿಯಿಂದ ಕಥೆಯ ಮುಖ್ಯವಾದ ಪ್ರಶ್ನೆಯೊಂದು ಮರೆಯಾಗಿದೆ. ಆ ತಾಯಿಯು ಅತ್ತು ಸುಮ್ಮನಾಗುವವಳಲ್ಲ. ಅರಮನೆಯ ಬಾಗಿಲಿಗೆ ಬಂದು ದೂರುಕೊಡುವವಳು. ಯಾರ ಮೇಲೆ? ಅರಸನ ಮಗನ ಮೇಲೆ. ಯಾರಲ್ಲಿ? ಆ ಅರಸನಲ್ಲಿಯೇ. ಆಯುಧವೂ ವಾಹನವೂ ಯಾರ ವಶದಲ್ಲಿರುವುವೋ ಅವರ ವಿಷಯದಲ್ಲಿ ನಿರಾಯುಧನಾದ ಪ್ರಜೆಯು ನ್ಯಾಯವನ್ನು ಕೇಳುವುದು ಹೇಗೆಂಬ ಈ ಪ್ರಶ್ನೆಯು ರಸಪ್ರಶ್ನೆಯಲ್ಲ, ದಂಡನೀತಿಯ ಪ್ರಶ್ನೆ. ಸೇನೆಯು ಪ್ರಜಾಪ್ರಭುತ್ವಕ್ಕೆ ಅಧೀನವಾಗಿರತಕ್ಕದ್ದೆಂದು ಬರೆದಿಟ್ಟುಕೊಂಡು ಮುಕ್ಕಾಲು ಶತಮಾನವನ್ನು ಕಳೆದಿರುವ ಈ ದೇಶದಲ್ಲಿ ಆ ಪ್ರಶ್ನೆಯು ಹಳೆಯದಾಗಿಲ್ಲ.

ಕಥೆಯ ಚೌಕಟ್ಟು ಸರಳವಾದುದು. ಸತ್ಯೇಂದ್ರಚೋಳನ ಮಗ ರಾಜಶೇಖರ. ಅವನ ಗೆಳೆಯ ಮಂತ್ರಿಪುತ್ರನಾದ ಮಿತವಚನ. ಸಿಂಧುದೇಶದಿಂದ ಬಂದ ಕೊಬ್ಬಿದ ಕುದುರೆಗಳನ್ನೇರಿ ಪುರವೀಥಿಯಲ್ಲಿ ಹೊರಡುವುದಕ್ಕೆ ರಾಜಕುಮಾರನು ಆತುರಪಡುತ್ತಾನೆ. ಅನರ್ಥವಾದೀತೆಂದು ಮಿತವಚನನು ಎಚ್ಚರಿಸುತ್ತಾನೆ. ಎಚ್ಚರಿಕೆಯು ಫಲಿಸುವುದಿಲ್ಲ, ಕುದುರೆಯ ಗೊರಸಿಗೆ ಸಿಕ್ಕಿ ಶಂಕರನೆಂಬ ಬಾಲಕನು ಸಾಯುತ್ತಾನೆ. ತಾಯಿಯ ದೂರನ್ನು ಕೇಳಿದ ಅರಸನು ಮಗನಿಗೆ ಮರಣದಂಡನೆಯನ್ನು ವಿಧಿಸುತ್ತಾನೆ. ದಂಡವು ನೆರವೇರುತ್ತದೆ, ಗೆಳೆಯನ ಅಗಲಿಕೆಯನ್ನು ಸಹಿಸದೆ ಮಿತವಚನನೂ ಪ್ರಾಣವನ್ನು ಬಿಡುತ್ತಾನೆ. ಕಡೆಯಲ್ಲಿ ಶಿವನು ಪ್ರತ್ಯಕ್ಷನಾಗಿ ಮಡಿದವರನ್ನೆಲ್ಲ ಎಬ್ಬಿಸುತ್ತಾನೆ.

ಇದಕ್ಕೆ ಸಮೀಪವಾದ ಕಥೆಯು ತಮಿಳಿನಲ್ಲಿ ಬಹು ಪ್ರಸಿದ್ಧವಾಗಿದೆ. ಸೇಕ್ಕಿಳಾರನ ಪೆರಿಯಪುರಾಣದಲ್ಲಿ ತಿರುವಾರೂರಿನ ಮನುಚೋಳನ ಮಗನು ರಥವನ್ನೇರಿ ಹೋಗುವಾಗ ಕರುವೊಂದು ಗಾಲಿಗೆ ಸಿಕ್ಕಿ ಸಾಯುತ್ತದೆ. ಹಸುವು ಅರಮನೆಯ ಗಂಟೆಯನ್ನು ಬಾರಿಸುತ್ತದೆ. ಅರಸನು ಮಗನನ್ನು ಅದೇ ರೀತಿಯಲ್ಲಿ ರಥದ ಗಾಲಿಗೆ ಒಡ್ಡುತ್ತಾನೆ. ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ಕನ್ನಡದ ಕಥೆಯಲ್ಲಿ ಆಗಿರುವ ಮಾರ್ಪಾಟುಗಳು ಎದ್ದುಕಾಣುವುವು. ಕರುವಿನ ಸ್ಥಾನದಲ್ಲಿ ಮನುಷ್ಯಶಿಶು, ಹಸುವಿನ ಸ್ಥಾನದಲ್ಲಿ ಮಾತನಾಡಬಲ್ಲ ತಾಯಿ, ರಥದ ಸ್ಥಾನದಲ್ಲಿ ಕುದುರೆ. ಮೇಲ್ನೋಟಕ್ಕೆ ಇವು ಕಥೆಗಾರನ ಸ್ವಾತಂತ್ರ್ಯವೆಂದು ತೋರಬಹುದು. ಧರ್ಮಶಾಸ್ತ್ರದ ಕಣ್ಣಿನಿಂದ ನೋಡಿದರೆ ಅವು ಕಥೆಯ ಅರ್ಥವನ್ನೇ ಬದಲಿಸಿರುವುವು.

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ೨೯೦ನೆಯ ಶ್ಲೋಕದಿಂದ ಮೊದಲುಗೊಂಡು ಯಾನದಿಂದಾಗುವ ಹಿಂಸೆಯ ವಿಚಾರವು ಬಂದಿರುವುದು. ಮೂಗುದಾಣವು ಹರಿದಾಗ, ನೊಗವು ಮುರಿದಾಗ, ದಾರಿಬಿಡಿರೆಂದು ಸಾರಥಿಯು ಗಟ್ಟಿಯಾಗಿ ಕೂಗಿದಾಗ, ಹೀಗೆ ಹತ್ತು ಸಂದರ್ಭಗಳಲ್ಲಿ ದಂಡವಿಲ್ಲ. ಸಾರಥಿಯು ಕುಶಲನಲ್ಲದೆ ಯಾನವು ದಾರಿತಪ್ಪಿದರೆ ಒಡೆಯನಿಗೆ ದಂಡ. ಸಾರಥಿಯು ಕುಶಲನಾಗಿದ್ದೂ ತಪ್ಪಿದರೆ ಅವನಿಗೇ ದಂಡ. ಮನುಷ್ಯನು ಸತ್ತರೆ ಕಳ್ಳನಿಗೆ ಸಮನಾದ ಅಪರಾಧ. ಹಸು, ಆನೆ, ಒಂಟೆ, ಕುದುರೆ ಮುಂತಾದ ದೊಡ್ಡ ಪ್ರಾಣಿಗಳು ಸತ್ತರೆ ಅದರ ಅರ್ಧ. ಪ್ರಾಣದಂಡದಲ್ಲಿ ಅರ್ಧವೆಂಬುದು ಕೂಡದಾದುದರಿಂದ, ಇಲ್ಲಿ ಹೇಳಿರುವುದು ಉತ್ತಮಸಾಹಸವೆಂಬ ಧನದಂಡವೇ ಹೊರತು ವಧೆಯಲ್ಲವೆಂದು ವ್ಯಾಖ್ಯಾನಕಾರರು ಬಿಡಿಸಿರುವರು. ಈ ಕ್ರಮದಲ್ಲಿ ತಮಿಳು ಕಥೆಯ ಅರಸನು ಕೊಟ್ಟ ಶಿಕ್ಷೆಯು ಶಾಸ್ತ್ರವನ್ನು ಎರಡು ಹೆಜ್ಜೆ ಮೀರಿದುದು. ಅದು ನ್ಯಾಯನಿರ್ಣಯವೆನ್ನುವುದಕ್ಕಿಂತ ಆತ್ಮಬಲಿಗೆ ಹತ್ತಿರವಾದುದು. ಅದರ ಸೌಂದರ್ಯವೂ ಅಲ್ಲಿಯೇ ಇರುವುದು. ಕನ್ನಡದ ಕಥೆಯು ಶಿಶುವನ್ನು ತಂದು, ತಾಯಿಯ ಬಾಯಲ್ಲಿ ದೂರನ್ನು ಇಟ್ಟು, ಮುನ್ನೆಚ್ಚರಿಕೆಯ ಮಾತನ್ನು ಸೇರಿಸಿ, ಅದೇ ಸಂಗತಿಯನ್ನು ವ್ಯವಹಾರದ ಅಂಗಳಕ್ಕೆ ಇಳಿಸಿರುವುದು. ಇಲ್ಲಿ ವಾದಿಯುಂಟು, ಪ್ರತಿವಾದಿಯುಂಟು, ಸಾಕ್ಷಿಯುಂಟು. ಕುದುರೆಯು ಲಗಾಮಿಗೆ ತಗ್ಗದೆ ಹೋಯಿತೆಂಬ ಸಮಾಧಾನವನ್ನು ರಾಜಕುಮಾರನು ಹೇಳಿಕೊಳ್ಳದ ಹಾಗೆ ಮಿತವಚನನ ಎಚ್ಚರಿಕೆಯು ಮೊದಲೇ ಬಾಗಿಲು ಮುಚ್ಚಿರುವುದು. ತಿಳಿದೂ ಮಾಡಿದ ತಪ್ಪಿಗೆ ಅಕಸ್ಮಾತ್ತೆಂಬ ಹೆಸರು ಸಲ್ಲದಷ್ಟೆ.

ಆದರೂ ವಧದಂಡವು ಎಲ್ಲಿಂದ ಬಂದಿತು? ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ, ಸಾಮಾನ್ಯನಿಗೆ ಒಂದು ಕಾರ್ಷಾಪಣದ ದಂಡವಿರುವಲ್ಲಿ ಅರಸನಿಗೆ ಸಾವಿರವೆಂದು ಮನುವು ವಿಧಿಸಿರುವುದನ್ನು ಇಲ್ಲಿ ನೆನೆಯಬೇಕು. ಅಧಿಕಾರವು ಹೆಚ್ಚಿದಷ್ಟೂ ದಂಡವು ಹೆಚ್ಚತಕ್ಕದ್ದೆಂಬುದೇ ಆ ವಿಧಿಯ ಹೃದಯ. ಬೀದಿಯ ಬಂಡಿಕಾರನು ತೆರಬೇಕಾದುದು ಹಣವಾದರೆ, ಸೈಂಧವಾಶ್ವವನ್ನೇರಿದ ರಾಜಕುಮಾರನು ತೆರಬೇಕಾದುದು ತಲೆ. ಈ ತಾರತಮ್ಯವನ್ನು ಮಲ್ಲಣಾರ್ಯನು ಶಾಸ್ತ್ರದಿಂದ ಎತ್ತಿದನೋ, ಭಕ್ತರ ಕಥಾಪರಂಪರೆಯಿಂದ ಸಹಜವಾಗಿ ಪಡೆದನೋ, ಆ ವಿಚಾರವು ಹಾಗಿರಲಿ. ಕಥೆಯ ಒಳಗಿನ ತರ್ಕವು ಮಾತ್ರ ಶಾಸ್ತ್ರಕ್ಕೆ ಹೊಂದಿಯೇ ನಡೆದಿದೆ.

ಕುದುರೆಯ ವಿಷಯವೂ ಉಪೇಕ್ಷಣೀಯವಾದುದಲ್ಲ. ಆ ಕಾಲದಲ್ಲಿ ಕುದುರೆಯೆಂದರೆ ಸೈನ್ಯವೇ ಸರಿ. ಅರಸರನ್ನು ಅಶ್ವಪತಿ, ಗಜಪತಿ, ನರಪತಿಯೆಂದು ಸೇನಾಂಗದಿಂದಲೇ ಗುರುತಿಸುತ್ತಿದ್ದ ಕಾಲವದು. ಕಾವ್ಯವು ಮುಗಿದ ಕಾಲಕ್ಕೆ ಕೃಷ್ಣದೇವರಾಯನು ಗಜಪತಿಯ ವಶದಲ್ಲಿದ್ದ ಉದಯಗಿರಿಯ ಮೇಲೆ ದಂಡೆತ್ತಿದ್ದನು. ಕಡಲಾಚೆಯಿಂದ ಬರುವ ಕುದುರೆಗಳಿಗಾಗಿ ವಿಜಯನಗರವು ಹೊನ್ನನ್ನು ಸುರಿಯುತ್ತಿತ್ತು. ಇಂಥ ಕುದುರೆಯು ಊರೊಳಗಿನ ಬೀದಿಗೆ ಬಂದು ಮಗುವನ್ನು ತುಳಿಯುವ ಕಥೆಯನ್ನು ಗುಬ್ಬಿಯ ಕವಿಯು ಹೇಳಿದನು. ಮುಂದೆ ಹೈದರಾಲಿ, ಟಿಪ್ಪುಸುಲ್ತಾನರ ಕಾಲದಲ್ಲಿ ರಾವುತಪಡೆಗೆ ಕುದುರೆಗಳನ್ನು ಬೆಳೆಸುವುದಕ್ಕೆ ನೆಲೆಯಾದುದು ಗುಬ್ಬಿಗೆ ದೂರವಲ್ಲದ ಕುಣಿಗಲು. ಅಲ್ಲಿಯ ಕುದುರೆ ಫಾರಂ ಇಂದಿಗೂ ಹೆಸರುವಾಸಿಯಾದುದೇ. ಆದರೆ ೧೯೯೨ರಲ್ಲಿ ಅದನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟ ಮೇಲೆ ಅಲ್ಲಿ ಬೆಳೆದ ಕುದುರೆಗಳ ಓಟವು ರಣರಂಗಕ್ಕಲ್ಲ, ಜೂಜಿನ ಮೈದಾನಕ್ಕೆ. ತುಮಕೂರು ಸೀಮೆಯು ದಂಡಿಗೆ ವಾಹನವನ್ನು ಒದಗಿಸಿಕೊಡುವ ಕೆಲಸವು ಅಷ್ಟಕ್ಕೇ ನಿಲ್ಲಲಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ೬೧೫ ಎಕರೆಗಳಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಗೆ ೨೦೧೬ರಲ್ಲಿ ಅಡಿಗಲ್ಲು ಬಿದ್ದು, ೨೦೨೩ರ ಫೆಬ್ರವರಿ ೬ರಂದು ಅದು ಉದ್ಘಾಟನೆಯಾಯಿತು. ಕಾವಲೆಂಬ ಮಾತೂ ಇಲ್ಲಿ ಗಮನಾರ್ಹವಾದುದು: ಹಳೆಯ ಮೈಸೂರಿನಲ್ಲಿ ಫಿರಂಗಿಗಳನ್ನೆಳೆಯುವ ಅಮೃತಮಹಲಿನ ಎತ್ತುಗಳಿಗೆ ಮೀಸಲಾದ ಹುಲ್ಲುಗಾವಲುಗಳಿಗೂ ಇದೇ ಹೆಸರಿತ್ತು.

ದಂಡವೆಂಬ ಪದವೇ ಈ ಸಮಸ್ಯೆಯನ್ನು ತನ್ನೊಳಗೆ ಇಟ್ಟುಕೊಂಡಿರುವುದು. ಅರ್ಥಶಾಸ್ತ್ರದ ಸಪ್ತಾಂಗಗಳಲ್ಲಿ ದಂಡವೆಂದರೆ ಸೇನೆ; ಧರ್ಮಶಾಸ್ತ್ರದ ವ್ಯವಹಾರಕಾಂಡದಲ್ಲಿ ದಂಡವೆಂದರೆ ಶಿಕ್ಷೆ. ಕನ್ನಡದಲ್ಲಿ ಮೊದಲಿನದು ತದ್ಭವವಾಗಿ ದಂಡಾಯಿತು, ದಂಡುಗಾರನಾದನು. ಎರಡನೆಯದು ತತ್ಸಮವಾಗಿಯೇ ಉಳಿದು ದಂಡ ತೆರುವವನ ಬೆನ್ನಿಗೆ ಬಿದ್ದಿತು. ಒಂದೇ ಕೋಲಿನ ಎರಡು ತುದಿಗಳು ಇವು. ಧರ್ಮವನ್ನು ಬಿಟ್ಟ ಅರಸನನ್ನು ದಂಡವು ಬಂಧುಗಳೊಡನೆ ಕೊಲ್ಲುವುದೆಂದು ಮನುವು ಏಳನೆಯ ಅಧ್ಯಾಯದಲ್ಲಿ ಹೇಳಿರುವಲ್ಲಿ, ಕೋಲನ್ನು ಹಿಡಿದವನ ಕಡೆಗೇ ಕೋಲು ತಿರುಗಬೇಕೆಂಬ ಅಭಿಪ್ರಾಯವು ಸ್ಪಷ್ಟವಾಗಿದೆ. ಯಾರು ತಿರುಗಿಸುವವರೆಂಬುದನ್ನು ಮಾತ್ರ ಅಲ್ಲಿ ಹೇಳಿಲ್ಲ. ಸತ್ಯೇಂದ್ರಚೋಳನ ಕಥೆಯು ಆ ತೆರಪಿನಲ್ಲಿ ಹುಟ್ಟಿದುದು: ತಿರುಗಿಸಿದವಳು ಬಾಗಿಲಿಗೆ ಬಂದ ತಾಯಿ.

ಇನ್ನು ನಾಯಕನಾರೆಂಬ ವಿಚಾರ. ಮಲ್ಲಣಾರ್ಯನ ಕಾವ್ಯಕ್ಕಿರುವ ಲೌಕಿಕನಾಮವು ತೀರ್ಪನ್ನು ಕೊಟ್ಟ ಸತ್ಯೇಂದ್ರನದು. ಷಡಕ್ಷರಿಯು ಅದೇ ಕಥೆಗೆ ಕುದುರೆಯನ್ನೇರಿದ ರಾಜಶೇಖರನ ಹೆಸರನ್ನಿಟ್ಟನು. ಹೆಸರಿನೊಡನೆ ವಿಲಾಸವೂ ಬಂದಿತು. ಚಂಪುವಿಗೆ ಉಚಿತವಾದ ಅಷ್ಟಾದಶವರ್ಣನೆಗಳೂ ಶೃಂಗಾರವೂ ಯುವಕನಾದ ನಾಯಕನನ್ನು ಬಯಸುವುವೆಂಬುದು ನಿಜ. ಆದರೂ ಸುಮಾರು ನೂರನಲವತ್ತು ವರ್ಷಗಳೊಳಗೆ ನ್ಯಾಯಾಧಿಪತಿಯು ಕಾವ್ಯದ ಹೆಸರಿನಿಂದ ಕೆಳಗಿಳಿದು ಅಪರಾಧಿಯು ಮೇಲೇರಿದುದನ್ನು ಕೇವಲ ಛಂದಸ್ಸಿನ ಬದಲಾವಣೆಯೆಂದು ತಳ್ಳಿಬಿಡುವಂತಿಲ್ಲ. ಷಡಕ್ಷರಿಯು ಪ್ರಲಾಪವನ್ನು ಅಷ್ಟು ಬೆಳೆಸಿದುದಕ್ಕೂ ಇದಕ್ಕೂ ಸಂಬಂಧವಿರುವಂತೆ ತೋರುವುದು. ನಾಯಕನು ಅಪರಾಧಿಯಾದ ಕಡೆಯಲ್ಲಿ ದೂರನ್ನು ದೂರಾಗಿಯೇ ಉಳಿಸಿದರೆ ಅವನ ಧೀರೋದಾತ್ತತ್ವಕ್ಕೆ ಕುಂದು; ಅದನ್ನು ಶೋಕವನ್ನಾಗಿ ಕರಗಿಸಿದರೆ ರಸವೂ ಸಿದ್ಧಿಸುವುದು, ನಾಯಕನೂ ಉಳಿಯುವನು. ಷಡಕ್ಷರಿಯ ಕವಿತ್ವಶಕ್ತಿಯನ್ನು ಒಪ್ಪುತ್ತಲೇ ಈ ಒಂದು ಜಾಣತನವನ್ನು ಗುರುತಿಸಬೇಕಾಗಿದೆ.

ಮತ್ತೊಂದು ಶತಮಾನವು ಕಳೆಯುವುದರೊಳಗೆ ಮೈಸೂರು ದೇಶದಲ್ಲಿ ಈ ಇಳಿಜಾರು ಎಲ್ಲಿಗೆ ಮುಟ್ಟಿತೆಂಬುದಕ್ಕೆ ನಂಜರಾಜಯಶೋಭೂಷಣವೇ ಸಾಕ್ಷಿ. ೧೭೩೪ರಲ್ಲಿ ದಳವಾಯಿಗಳು ಚಾಮರಾಜ ಒಡೆಯರನ್ನು ಪಟ್ಟದಿಂದಿಳಿಸಿ ಕಬ್ಬಾಳದುರ್ಗದ ಸೆರೆಗೆ ಕಳುಹಿಸಿದರು. ಅನಂತರ ಪಟ್ಟಕ್ಕೆ ಬಂದ ಇಮ್ಮಡಿ ಕೃಷ್ಣರಾಜ ಒಡೆಯರು ಅರಸರೆಂಬ ಹೆಸರಿಗೆ ಮಾತ್ರ ಇದ್ದರು. ಆಳಿದವರು ಕಳಲೆಯ ಮನೆತನದ ದಳವಾಯಿ ದೇವರಾಜಯ್ಯನೂ ಸರ್ವಾಧಿಕಾರಿ ನಂಜರಾಜಯ್ಯನೂ. ಈ ನಂಜರಾಜನು ಸಾಮಾನ್ಯನಲ್ಲ. ಕನ್ನಡದಲ್ಲಿ ಶಿವಭಕ್ತಿವಿಲಾಸ, ಕಕುದ್ಗಿರಿಮಾಹಾತ್ಮ್ಯ ಮೊದಲಾದ ಗ್ರಂಥಗಳನ್ನು ಬರೆದವನು, ವಿದ್ವಾಂಸರಿಗೆ ಆಶ್ರಯವನ್ನಿತ್ತವನು. ಅವನ ಆಶ್ರಯದಲ್ಲಿದ್ದ ಅಭಿನವಕಾಳಿದಾಸನೆಂಬ ಬಿರುದಿನ ನರಸಿಂಹಕವಿಯು ವಿದ್ಯಾನಾಥನ ಪ್ರತಾಪರುದ್ರೀಯವನ್ನು ಮಾದರಿಯಾಗಿಟ್ಟುಕೊಂಡು ಏಳು ವಿಲಾಸಗಳ ಅಲಂಕಾರಗ್ರಂಥವೊಂದನ್ನು ರಚಿಸಿ ಅದಕ್ಕೆ ನಂಜರಾಜಯಶೋಭೂಷಣವೆಂದು ಹೆಸರಿಟ್ಟನು. ೧೯೩೦ರಲ್ಲಿ ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಇದು ಅಚ್ಚಾಗಿರುವುದರಿಂದ ವಿದ್ವಾಂಸರಿಗೆ ದುರ್ಲಭವಲ್ಲ.

ಗ್ರಂಥವು ಪಾಂಡಿತ್ಯದಲ್ಲಿ ಕಡಿಮೆಯಾದುದಲ್ಲ. ಆದರೆ ವಿದ್ಯಾನಾಥನ ನಾಯಕನು ಕಾಕತೀಯ ಪ್ರತಾಪರುದ್ರ, ಪಟ್ಟಾಭಿಷಿಕ್ತನಾದ ಅರಸು. ನರಸಿಂಹಕವಿಯ ನಾಯಕನು ಅರಸನನ್ನು ಬದಿಗಿರಿಸಿ ಅಧಿಕಾರವನ್ನು ಹಿಡಿದವನು. ನಾಯಕಲಕ್ಷಣಗಳೆಲ್ಲವೂ, ಧ್ವನಿರಸಾಲಂಕಾರಗಳ ಉದಾಹರಣೆಗಳೆಲ್ಲವೂ ಅವನನ್ನೇ ಕುರಿತಿರುವುವು. ಆರನೆಯ ವಿಲಾಸದಲ್ಲಿ ನಾಟಕಲಕ್ಷಣಕ್ಕೆ ಲಕ್ಷ್ಯವಾಗಿ ಸೇರಿಸಿರುವ ಚಂದ್ರಕಲಾಕಲ್ಯಾಣದಲ್ಲಿ ಮದುವೆಯ ಗಂಡೂ ಅವನೇ. ರಾಜ್ಯದಲ್ಲಿ ಒಬ್ಬ ಅರಸನಿದ್ದನೆಂಬುದನ್ನು ಮರೆತರೂ ಈ ಗ್ರಂಥದ ಪಾಠವು ಎಲ್ಲಿಯೂ ಕುಂದದು! ಸಿಂಹಾಸನವನ್ನು ದಳವಾಯಿಗಳು ಬಲದಿಂದ ಖಾಲಿಮಾಡಿದರು. ಲಕ್ಷಣಗ್ರಂಥದ ನಾಯಕಪೀಠವನ್ನು ಪಂಡಿತನು ತಾನಾಗಿ ಬಿಟ್ಟುಕೊಟ್ಟನು. ಅಲಂಕಾರಶಾಸ್ತ್ರದಲ್ಲಿ ಇದನ್ನು ತಡೆಯುವ ಸೂತ್ರವಿರಲಿಲ್ಲ. ಮಹಾಕುಲೀನತೆ, ಔಜ್ಜ್ವಲ್ಯ, ಔದಾರ್ಯ, ಪ್ರತಾಪಗಳೆಂಬ ಗುಣಗಳು ನಾಯಕನಿಗೆ ಬೇಕೆಂದು ಶಾಸ್ತ್ರವು ಕೇಳುವುದು. ಅಧಿಕಾರವು ಅವನಿಗೆ ಎಲ್ಲಿಂದ ಬಂದಿತೆಂದು ಕೇಳುವುದಿಲ್ಲ. ಔಚಿತ್ಯವನ್ನು ಕಾವ್ಯಜೀವಿತವೆಂದು ಕರೆದ ಕ್ಷೇಮೇಂದ್ರನ ಪರಂಪರೆಯಲ್ಲಿಯಾದರೂ ಈ ಅನೌಚಿತ್ಯವನ್ನು ಹೆಸರಿಟ್ಟು ಹೇಳಬಹುದಾಗಿತ್ತು.

ನಂಜರಾಜನ ಕಥೆಯ ಉತ್ತರಾರ್ಧದಲ್ಲಿಯೂ ಒಂದು ಬಾಗಿಲುಂಟು. ತಿರುಚಿನಾಪಳ್ಳಿಯ ದಂಡಯಾತ್ರೆಯಿಂದ ಬೊಕ್ಕಸವು ಬರಿದಾಗಿ ಸಂಬಳವು ಬಾಕಿಬಿದ್ದಾಗ, ೧೭೫೮ರಲ್ಲಿ, ಅವನ ಬಾಗಿಲಲ್ಲಿ ಧರಣಿ ಕುಳಿತವರು ಪ್ರಜೆಗಳಲ್ಲ, ಸೈನಿಕರು. ಬಾಕಿಯನ್ನು ತೀರಿಸುವ ಹೊಣೆಯನ್ನು ಹೊತ್ತು ಅವರನ್ನು ಎಬ್ಬಿಸಿದವನು ಹೈದರಾಲಿ; ಮೂರು ವರ್ಷಗಳಲ್ಲಿ, ಎಂದರೆ ೧೭೬೧ರ ಹೊತ್ತಿಗೆ, ರಾಜ್ಯವು ಅವನ ಕೈಯಲ್ಲಿತ್ತು. ದಂಡಿನಿಂದ ಬಂದ ಅಧಿಕಾರವು ದಂಡಿಗೆ ಸಂಬಳ ಕೊಡಬಲ್ಲವನನ್ನು ಹುಡುಕಿಕೊಂಡು ಹೋದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಸೇನಾನಾಯಕರೆಲ್ಲರೂ ಹೀಗೆಯೇ ನಡೆದರೆ? ಚಾವುಂಡರಾಯನು ಗಂಗರ ದೊರೆಗಳಾದ ಮಾರಸಿಂಹ, ರಾಚಮಲ್ಲರ ಸೇನಾಪತಿಯಾಗಿ, ಮಂತ್ರಿಯಾಗಿ, ದುರ್ಬಲವಾಗಿದ್ದ ಸಿಂಹಾಸನದ ಪಕ್ಕದಲ್ಲಿ ಬಲಿಷ್ಠನಾಗಿ ನಿಂತಿದ್ದರೂ ಅದನ್ನು ಏರಲಿಲ್ಲ. ಬೆಟ್ಟದ ಮೇಲೆ ಗೊಮ್ಮಟನನ್ನು ನಿಲ್ಲಿಸಿದನು, ೯೭೮ರಲ್ಲಿ ಪುರಾಣವನ್ನು ಬರೆದನು. ರಾಜ್ಯವನ್ನು ಗೆದ್ದೂ ಬಿಟ್ಟ ಬಾಹುಬಲಿಯ ಮೂರ್ತಿಯನ್ನು ಸೇನಾಪತಿಯೊಬ್ಬನು ಮಾಡಿಸಿದನೆಂಬುದು ಮನಸ್ಸಿಗೆ ಹಿಡಿಸುವ ಸಂಗತಿಯೇ. ಆದರೆ ಇದು ಒಬ್ಬ ವ್ಯಕ್ತಿಯ ಶೀಲ, ವ್ಯವಸ್ಥೆಯಲ್ಲ. ಚಾವುಂಡರಾಯನು ಹುಟ್ಟುವನೋ ನಂಜರಾಜನು ಹುಟ್ಟುವನೋ ಎಂಬುದನ್ನು ಯಾವ ರಾಜ್ಯವೂ ಮುಂದಾಗಿ ತಿಳಿಯಲಾರದು.

ವ್ಯವಸ್ಥೆಯನ್ನು ಮಾಡಹೊರಟುದು ೧೯೫೦ರ ಗಣರಾಜ್ಯ. ಬ್ರಿಟಿಷರ ಕಾಲದಲ್ಲಿ ದಂಡಿನ ಮಹಾಸೇನಾಪತಿಯು ವೈಸರಾಯರ ಸಭೆಯಲ್ಲಿ ತಾನೇ ಸದಸ್ಯನಾಗಿ ಕುಳಿತಿರುತ್ತಿದ್ದನು. ಸ್ವಾತಂತ್ರ್ಯಾನಂತರ ಅವನ ಮೇಲೆ ರಕ್ಷಣಾಮಂತ್ರಿಯು ಬಂದನು. ದಿಲ್ಲಿಯಲ್ಲಿ ಅವನು ವಾಸಿಸುತ್ತಿದ್ದ ಭವನವು ಪ್ರಧಾನಮಂತ್ರಿಯ ನಿವಾಸವಾಯಿತು. ೧೯೪೯ರ ಜನವರಿ ೧೫ರಂದು ಕೊಡಗಿನ ಕೆ. ಎಂ. ಕಾರ್ಯಪ್ಪನವರು ಆ ಪದವಿಗೆ ಬಂದ ಮೊದಲ ಭಾರತೀಯರಾದರು. ೧೯೫೫ರಲ್ಲಿ ಮಹಾಸೇನಾಪತಿಯೆಂಬ ಹೆಸರೇ ಹೋಗಿ ಸೇನಾಮುಖ್ಯಸ್ಥನೆಂಬ ಹೆಸರು ಉಳಿಯಿತು. ಸಂವಿಧಾನದ ೫೩ನೆಯ ಅನುಚ್ಛೇದವು ರಕ್ಷಣಾಬಲಗಳ ಪರಮಾಧಿಪತ್ಯವನ್ನು ರಾಷ್ಟ್ರಪತಿಯಲ್ಲಿಟ್ಟು, ಅದರ ಪ್ರಯೋಗವು ಕಾನೂನಿನಿಂದ ನಿಯಂತ್ರಿತವಾಗತಕ್ಕದ್ದೆಂದು ಸೇರಿಸಿದೆ. ಈ ಎರಡನೆಯ ವಾಕ್ಯಭಾಗದಲ್ಲಿಯೇ ಜೀವವಿರುವುದು.

ರಾಷ್ಟ್ರಪತಿಯೆಂಬ ಪದವನ್ನು ಸಂವಿಧಾನದ ಪರಿಭಾಷೆಗೆ ಸೂಚಿಸಿದವರು ತುಮಕೂರು ಜಿಲ್ಲೆಯ ತೀರ್ಥಪುರದ ತೀ. ನಂ. ಶ್ರೀಕಂಠಯ್ಯನವರೆಂಬ ಪ್ರತೀತಿಯು ಕನ್ನಡನಾಡಿನಲ್ಲಿದೆ. ಭಾರತೀಯ ಕಾವ್ಯಮೀಮಾಂಸೆಯನ್ನು ಬರೆದವರ ಹೆಸರು ಸೇನಾಧಿಪತ್ಯದ ಪದವಿಯೊಂದಕ್ಕೆ ಹೀಗೆ ಅಂಟಿಕೊಂಡಿರುವುದು ಸೊಗಸಾದ ಯೋಗವೇ. ಪದವು ಅವರಿಗಿಂತ ಹಿಂದಿನದೆಂಬುದನ್ನೂ ಹೇಳಬೇಕು. ಕಾಂಗ್ರೆಸ್ಸಿನ ಅಧ್ಯಕ್ಷರಿಗೆ ಅದು ಮೊದಲೇ ಬಳಕೆಯಲ್ಲಿತ್ತು. ೧೯೩೭ರಲ್ಲಿ ಜವಾಹರಲಾಲ ನೆಹರೂ ಅವರು ಚಾಣಕ್ಯನೆಂಬ ಮರೆಹೆಸರಿನಲ್ಲಿ ಇದೇ ಪದವನ್ನು ಶೀರ್ಷಿಕೆಯಾಗಿಟ್ಟು ಲೇಖನವನ್ನು ಬರೆದು, ತಮ್ಮಲ್ಲಿಯೇ ನಿರಂಕುಶಾಧಿಪತಿಯು ಅಡಗಿರಬಹುದೆಂದು ಜನರನ್ನು ಎಚ್ಚರಿಸಿದ್ದರು. ಸ್ತುತಿಯನ್ನು ಸ್ವೀಕರಿಸುವವನೇ ಸ್ತುತಿಯನ್ನು ಶಂಕಿಸಿದ ಈ ಲೇಖನವನ್ನು ನಂಜರಾಜಯಶೋಭೂಷಣದ ಪಕ್ಕದಲ್ಲಿಟ್ಟು ಓದಿದರೆ ನಡುವಣ ಎರಡು ಶತಮಾನಗಳ ಅಂತರವು ತಿಳಿಯುವುದು.

೧೯೫೮ರ ಅಕ್ಟೋಬರಿನಲ್ಲಿ ಪಾಕಿಸ್ತಾನವು ಅಯೂಬ್ ಖಾನರ ವಶವಾಯಿತು. ಅದೇ ತಿಂಗಳಲ್ಲಿ ಬರ್ಮಾದಲ್ಲಿ ಜನರಲ್ ನ್ಯೆ ವಿನ್ ಸರಕಾರವನ್ನು ವಹಿಸಿಕೊಂಡರು. ಮರುವರ್ಷ ೧೯೫೯ರ ಆಗಸ್ಟ್ ೩೧ರಂದು ಭಾರತದ ಸೇನಾಮುಖ್ಯಸ್ಥರಾಗಿದ್ದ ಜನರಲ್ ಕೆ. ಎಸ್. ತಿಮ್ಮಯ್ಯನವರು, ಅವರೂ ಕೊಡಗಿನವರೇ, ರಕ್ಷಣಾಮಂತ್ರಿ ಕೃಷ್ಣ ಮೆನನ್ನರೊಡನೆ ಭಿನ್ನಾಭಿಪ್ರಾಯವುಂಟಾಗಿ ರಾಜೀನಾಮೆಯನ್ನಿತ್ತರು. ಪ್ರಧಾನಮಂತ್ರಿಯ ಮಾತಿನ ಮೇಲೆ ಅದನ್ನು ಹಿಂದೆಗೆದುಕೊಂಡರು. ಸೆಪ್ಟೆಂಬರ್ ೨ರಂದು ಸಂಸತ್ತಿನಲ್ಲಿ ನೆಹರೂ ಅವರು ನಾಗರಿಕಾಧಿಕಾರವೇ ಪರಮವಾದುದೆಂಬ ತತ್ತ್ವವನ್ನು ಎತ್ತಿಹಿಡಿದರು. ತಿಮ್ಮಯ್ಯನವರಿಗೆ ಆಗ ನ್ಯಾಯವು ಸಂದಿತೋ ಇಲ್ಲವೋ ಎಂಬುದರಲ್ಲಿ ಮತಭೇದವುಂಟು. ಯೋಗ್ಯರಾದ ಸೇನಾನಿಯ ಮನನೊಂದುದೂ, ಮಂತ್ರಿಯ ವರ್ತನೆಯು ಪ್ರಶ್ನಾತೀತವಾಗಿರಲಿಲ್ಲವೆಂಬುದೂ ಸುಳ್ಳಲ್ಲ. ಆದರೆ ನೆರೆಯ ದೇಶಗಳಲ್ಲಿ ಮುನಿದ ಸೇನಾಪತಿಯು ಟ್ಯಾಂಕನ್ನೇರುತ್ತಿದ್ದ ಕಾಲದಲ್ಲಿ ಇಲ್ಲಿ ಮುನಿದ ಸೇನಾಪತಿಯು ಕಾಗದವನ್ನು ಬರೆದನು. ಅಷ್ಟುಮಟ್ಟಿಗೆ ದಳವಾಯಿಯ ಪ್ರಶ್ನೆಯು ಇತ್ಯರ್ಥವಾಯಿತು.

ಸತ್ಯೇಂದ್ರಚೋಳನ ಪ್ರಶ್ನೆಯು ಇತ್ಯರ್ಥವಾಯಿತೆ? ಇವೆರಡೂ ಒಂದೇ ಎಂದು ಭಾವಿಸುವುದರಿಂದ ಬಹಳ ಗೊಂದಲವು ಉಂಟಾಗಿರುವುದು. ದಂಡು ಮಂತ್ರಿಗೆ ಅಧೀನವಾಗಿರುವುದು ಒಂದು. ಮಂತ್ರಿಯೂ ದಂಡೂ ಕೂಡಿ ಧರ್ಮಕ್ಕೆ, ಎಂದರೆ ಕಾನೂನಿಗೆ, ಅಧೀನವಾಗಿರುವುದು ಇನ್ನೊಂದು. ರಾಜಶೇಖರನು ತಂದೆಗೆ ತಿರುಗಿಬಿದ್ದವನಲ್ಲ. ಅವನು ವಿಧೇಯನಾದ ಮಗ, ಸಿಂಹಾಸನಕ್ಕೆ ಭೂಷಣನಾದವನು. ಮೊದಲ ಅರ್ಥದಲ್ಲಿ ಸತ್ಯೇಂದ್ರನ ರಾಜ್ಯದಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೂ ಬೀದಿಯಲ್ಲಿ ಮಗುವು ಸತ್ತಿತು. ವಿಧೇಯವಾದ ದಂಡೂ ಪ್ರಜೆಯನ್ನು ತುಳಿಯಬಲ್ಲುದೆಂಬುದೇ ಮಲ್ಲಣಾರ್ಯನ ಕಥೆಯ ವಿಶೇಷ. ಇದು ನಂಜರಾಜನ ಕಥೆಯಿಂದ ದೊರೆಯುವ ಪಾಠವಲ್ಲ.

೧೯೫೮ರ ಸಶಸ್ತ್ರಬಲಗಳ ವಿಶೇಷಾಧಿಕಾರದ ಅಧಿನಿಯಮದ ೬ನೆಯ ಪ್ರಕರಣದ ಪ್ರಕಾರ, ಪ್ರಕ್ಷುಬ್ಧವೆಂದು ಘೋಷಿತವಾದ ಪ್ರದೇಶದಲ್ಲಿ ಆ ಅಧಿಕಾರದಿಂದ ನಡೆದ ಕಾರ್ಯಕ್ಕಾಗಿ ಕೇಂದ್ರಸರಕಾರದ ಪೂರ್ವಾನುಮತಿಯಿಲ್ಲದೆ ಯಾರ ಮೇಲೆಯೂ ಮೊಕದ್ದಮೆಯನ್ನು ಹೂಡುವಂತಿಲ್ಲ. ಮಣಿಪುರದ ಸಾವುಗಳ ಪ್ರಕರಣದಲ್ಲಿ ೨೦೧೬ರ ಜುಲೈಯಲ್ಲಿ ಸುಪ್ರೀಂ ಕೋರ್ಟು, ಅಂಥ ಪ್ರದೇಶದಲ್ಲಿಯೂ ಮಿತಿಮೀರಿದ ಬಲಪ್ರಯೋಗದ ದೂರು ಬಂದಲ್ಲಿ ವಿಚಾರಣೆಯು ನಡೆಯಲೇಬೇಕೆಂದು ಹೇಳಿತು. ೨೦೨೧ರ ಡಿಸೆಂಬರಿನಲ್ಲಿ ನಾಗಾಲ್ಯಾಂಡಿನ ಓಟಿಂಗ್ ಗ್ರಾಮದ ಬಳಿ, ಗಣಿಯ ಕೆಲಸದಿಂದ ವಾಹನದಲ್ಲಿ ಮರಳುತ್ತಿದ್ದ ಕೂಲಿಕಾರರನ್ನು ಬಂಡಾಯಗಾರರೆಂದು ತಪ್ಪಾಗಿ ತಿಳಿದು ಸೈನಿಕರು ಗುಂಡು ಹಾರಿಸಿದರು. ರಾಜ್ಯದ ಪೊಲೀಸರು ೩೦ ಮಂದಿ ಸೈನಿಕರ ಮೇಲೆ ಆರೋಪಪಟ್ಟಿಯನ್ನು ಸಿದ್ಧಪಡಿಸಿದರು. ೨೦೨೩ರಲ್ಲಿ ಕೇಂದ್ರಸರಕಾರವು ಅನುಮತಿಯನ್ನು ನಿರಾಕರಿಸಿತು. ೨೦೨೪ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಮುಂದೆ ಅನುಮತಿಯು ದೊರೆತರೆ ನಡೆಸಬಹುದೆಂದು ಹೇಳಿ, ವ್ಯವಹರಣೆಯನ್ನು ಅಲ್ಲಿಗೆ ಮುಗಿಸಿತು. ಇಲ್ಲಿ ದಂಡು ಮಂತ್ರಿಯನ್ನು ಮೀರಿದುದಿಲ್ಲ. ಅನುಮತಿಯನ್ನು ಕೊಡುವ, ಕೊಡದಿರುವ ಅಧಿಕಾರವು ನಾಗರಿಕಾಧಿಕಾರವೇ. ಹೀಗಾಗಿ ನಾಗರಿಕಾಧಿಕಾರವು ಪರಮವಾದುದೆಂಬ ತತ್ತ್ವದಿಂದ ಮಾತ್ರ ಓಟಿಂಗಿನ ತಾಯಂದಿರಿಗೆ ಬಾಗಿಲು ತೆರೆಯದು.

ಇದಕ್ಕೆ ಪೂರ್ವಪಕ್ಷವುಂಟು. ಗಡಿಯಲ್ಲಿಯೂ ಕಾಡಿನಲ್ಲಿಯೂ ಅರೆನಿಮಿಷದಲ್ಲಿ ನಿರ್ಧರಿಸಬೇಕಾದ ಸೈನಿಕನನ್ನು ದ್ವೇಷದ ದೂರುಗಳಿಗೆ ಒಡ್ಡಿದರೆ ಅವನ ಕೈ ತಡೆದೀತು. ಪುರವೀಥಿಯಲ್ಲಿ ವಿಲಾಸಕ್ಕಾಗಿ ಕುದುರೆಯನ್ನು ಓಡಿಸಿದ ರಾಜಕುಮಾರನಿಗೂ ಅಪ್ಪಣೆಯ ಮೇರೆಗೆ ಹೊರಟ ಸೈನಿಕನಿಗೂ ಹೋಲಿಕೆಯು ಸಲ್ಲದು, ಎಂದು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಮನುವೂ ಹತ್ತು ಅಪವಾದಗಳನ್ನು ಹೇಳಿದನಷ್ಟೆ. ಆದರೆ ನೊಗವು ಮುರಿದಿತ್ತೆ, ಸಾರಥಿಯು ಕೂಗಿದನೆ ಎಂಬುದನ್ನು ವಿಚಾರಣೆಯಲ್ಲಿ ತಿಳಿದು ದಂಡವನ್ನು ಬಿಡುವುದು ಮನುವಿನ ಕ್ರಮ. ವಿಚಾರಣೆಯನ್ನೇ ಬಿಡುವುದು ಆ ಕ್ರಮವಲ್ಲ. ಅಪವಾದವು ತೀರ್ಪಿನ ಒಳಗಿರತಕ್ಕದ್ದು, ಬಾಗಿಲಿನ ಹೊರಗಲ್ಲ.

ಕಥೆಯ ಮುಕ್ತಾಯವನ್ನು ಕುರಿತು ಆಧುನಿಕರಾದ ವಿಮರ್ಶಕರು ತೋರುವ ಅಸಮಾಧಾನಕ್ಕೂ ಇಲ್ಲಿಯೇ ಉತ್ತರವಿರುವಂತೆ ಕಾಣುವುದು. ಶಿವನು ಬಂದು ಎಲ್ಲರನ್ನೂ ಎಬ್ಬಿಸಿದ ಮೇಲೆ ನ್ಯಾಯಕ್ಕೇನು ಬೆಲೆಯೆಂದು ಕೇಳುವರು. ಮಂಗಳಾಂತವು ಸಂಪ್ರದಾಯವೆಂಬುದು ಸಾಕಾಗದ ಸಮಾಧಾನ. ಕ್ರಮವನ್ನು ನೋಡಬೇಕು: ಶಿವನು ಪ್ರತ್ಯಕ್ಷನಾಗುವುದು ದೂರನ್ನು ಕೇಳಿ, ತೀರ್ಪನ್ನು ಕೊಟ್ಟು, ದಂಡವು ನಡೆದ ಮೇಲೆ. ಅನುಗ್ರಹವು ದಂಡದ ಮುಂಚೆ ಬಂದು ಅದನ್ನು ತಡೆಯಲಿಲ್ಲ. ಎಬ್ಬಿಸಿದಾಗಲೂ ರಾಜಕುಮಾರನೊಬ್ಬನನ್ನೇ ಎಬ್ಬಿಸಲಿಲ್ಲ. ಶಂಕರನೆಂಬ ಆ ಮಗುವೂ ಎದ್ದಿತು. ಮಲ್ಲಣಾರ್ಯನ ಭಕ್ತಿಯು ಅವನ ದಂಡನೀತಿಯನ್ನು ಕೆಡಿಸಲಿಲ್ಲವೆಂಬುದಕ್ಕೆ ಈ ಪೌರ್ವಾಪರ್ಯವೇ ಪ್ರಮಾಣ.

ಕಾವ್ಯದ ನಿಜವಾದ ದೌರ್ಬಲ್ಯವು ಬೇರೆಯ ಕಡೆ ಇರುವುದು. ಆರೋಪಿಯ ತಂದೆಯೇ ನ್ಯಾಯಾಧಿಪತಿಯಾಗಿರುವ ವ್ಯವಸ್ಥೆಯನ್ನು ಕವಿಯು ಪ್ರಶ್ನಿಸಲಿಲ್ಲ. ಸತ್ಯೇಂದ್ರನು ಸತ್ಯಸಂಧನಾಗದೆ ಹೋಗಿದ್ದರೆ ತಿರುಕೊಳವಿನಾಚಿಯು ಮತ್ತೆ ಯಾವ ಬಾಗಿಲಿಗೆ ಹೋಗಬೇಕಾಗಿತ್ತೆಂಬುದಕ್ಕೆ ಕಾವ್ಯದಲ್ಲಿ ಉತ್ತರವಿಲ್ಲ. ಹದಿನಾರನೆಯ ಶತಮಾನದ ಕವಿಯಿಂದ ಅದನ್ನು ನಿರೀಕ್ಷಿಸುವುದು ನ್ಯಾಯವೂ ಅಲ್ಲ. ಮತ್ತೊಂದು ಬಾಗಿಲನ್ನು ಕಟ್ಟುವ ಕೆಲಸವು ಸಂವಿಧಾನವನ್ನು ಬರೆದವರ ಪಾಲಿಗೆ ಬಂದುದು. ಅದರ ಅಗುಳಿಯು ಒಳಗಿನವರ ಕೈಯಲ್ಲಿ ಉಳಿದುದು ಕವಿಯ ತಪ್ಪಲ್ಲ.

ಮಿತವಚನನ ಪಾತ್ರಕ್ಕೆ ವಿಮರ್ಶಕರು ಇನ್ನೂ ಸಲ್ಲಬೇಕಾದ ಗಮನವನ್ನು ಸಲ್ಲಿಸಿಲ್ಲ. ಲಕ್ಷಣಕಾರರ ಮಾತಿನಲ್ಲಿ ಅವನು ಪೀಠಮರ್ದ, ನಾಯಕನಿಗಿಂತ ಸ್ವಲ್ಪ ಕಡಿಮೆಯಾದ ಸಹಾಯಕ. ಮಂತ್ರಿಯ ಮಗನಾದುದರಿಂದ ಹಿತವನ್ನು ಹೇಳುವುದು ಅವನಿಗೆ ಹುಟ್ಟಿನಿಂದ ಬಂದ ಕೆಲಸ; ಹೆಸರೇ ಅದನ್ನು ಹೇಳುವುದು. ಹೇಳಿದನು, ಆದರೆ ಗೆಳೆಯನನ್ನು ಬಿಡಲಾರದೆ ತಾನೂ ಕುದುರೆಯನ್ನೇರಿದನು. ತಿರುಕೊಳವಿನಾಚಿಯ ಪ್ರಲಾಪವನ್ನು ಪಾಠಕ್ಕೆ ಆರಿಸುವ ಉಪಾಧ್ಯಾಯರು ಈ ಎಚ್ಚರಿಕೆಯ ಸಂದರ್ಭದಿಂದ ತೊಡಗಿ ಅರಮನೆಯ ಬಾಗಿಲಿನ ದೂರಿನ ವರೆಗೂ ಭಾಗವನ್ನು ಹಿಗ್ಗಿಸಿಕೊಂಡಲ್ಲಿ, ಸಾಧ್ಯವಾದ ಕಡೆ ಮಲ್ಲಣಾರ್ಯನ ಷಟ್ಪದಿಗಳನ್ನೂ ಜೊತೆಗಿರಿಸಿಕೊಂಡಲ್ಲಿ, ವಿದ್ಯಾರ್ಥಿಗೆ ಆ ತಾಯಿಯು ಅಳುವವಳಾಗಿ ಮಾತ್ರವಲ್ಲದೆ ಫಿರ್ಯಾದಿಯಾಗಿಯೂ ಕಾಣುವಳು.